ಕಾಡಿಗೆ ಬೀಗ, ಕೈಯಲ್ಲಿ ಜಿಂಕೆ ಟ್ಯಾಗ್. ಈ ವರ್ಷ ಏನು ಮಾಡುತ್ತೀರಿ?

ಫಾಲ್ಸಮ್_ಹೈದ (31 ಆಗಸ್ಟ್ 2021)

ಸುದ್ದಿ ಎಲ್ಲರಿಗೂ ಗೊತ್ತಾಗಿರಬೇಕು. ಕಾಳ್ಗಿಚ್ಚಿನ ಭಯಕ್ಕೆ ಇವತ್ತು ರಾತ್ರಿ 11.59ರಿಂದ ಸೆಪ್ಟೆಂಬರ್ 17ರ ತನಕ ಕ್ಯಾಲಿಫೋರ್ನಿಯಾದ ರಾಷ್ಟ್ರೀಯ ಅರಣ್ಯಗಳು ಹೆಚ್ಚುಕಮ್ಮಿ ಎಲ್ಲವೂ ಬಂದ್. ನನ್ನ ಹತ್ತಿರ ಡಿ3-5 ಟ್ಯಾಗ್ (ಆ ಬೇಟೆ ವಲಯದಲ್ಲಿ ಒಂದು ಜಿಂಕೆ ಹೊಡೆಯೋಕೆ ಪರವಾನಗಿ ಚೀಟಿ) ಇದೆ. ಕೋವಿ ಸೀಸನ್ ಸೆಪ್ಟೆಂಬರ್ 25ಕ್ಕೆ ಶುರು. ಮೊದಲ ವಾರಕ್ಕೆ ಆಫೀಸಿನಲ್ಲಿ ರಜೆ ಹಾಕಿ ಆಗಿದೆ, ಮನೆಯಲ್ಲೂ ಒಪ್ಪಿಸಿ ಆಗಿದೆ (ಇದು ರಜೆಗಿಂತ ಕಷ್ಟದ ಕೆಲಸ).

ನಾನು ಜೂನ್‌ನಿಂದ ಓಡಾಡಿ ನೋಡಿಟ್ಟಿದ್ದ ಜಾಗ ಮಾರ್ಮನ್ ಎಮಿಗ್ರಂಟ್ ಟ್ರೇಲ್ ರಸ್ತೆಯ ಹತ್ತಿರ. ಅದು ಕಾಲ್ಡರ್ ಅನ್ನೋ ಕಾಳ್ಗಿಚ್ಚಿಗೆ ಹೋಯಿತು. ಅಲ್ಲಿ ಮೂರು ಕ್ಯಾಮೆರಾ ಮರಕ್ಕೆ ಕಟ್ಟಿದ್ದೆ, ಅದರಲ್ಲಿ ಒಂದು ಫೋನಿಗೆ ಫೋಟೋ ಕಳಿಸುತ್ತೆ. ಅದರ ಕೊನೇ ಫೋಟೋದಲ್ಲಿ ಮಧ್ಯಾಹ್ನದ ಹೊತ್ತು ಆಕಾಶ ಕಿತ್ತಳೆ ಬಣ್ಣ, ಒಂದು ಹೆಣ್ಣು ಜಿಂಕೆ ಕಿವಿ ಎತ್ತಿ ಇಳಿಜಾರಿನ ಕಡೆ ನೋಡುತ್ತಿದೆ. ಅದಾದ ಮೇಲೆ ಏನೂ ಬಂದಿಲ್ಲ.

ಈಗ ಪ್ರಶ್ನೆ. ಸೀಸನ್ ರದ್ದಾಗುತ್ತಾ? ಟ್ಯಾಗ್ ದುಡ್ಡು ವಾಪಸ್ ಕೊಡುತ್ತಾರಾ? ಬೇರೆ ಜಾಗ ಹುಡುಕೋದಾ, ಇಲ್ಲ ಸುಮ್ನೆ ಮನೆಯಲ್ಲಿ ಕೂರೋದಾ?

ಕೋವಿ_ಕೊಡಗು (31 ಆಗಸ್ಟ್)

ಮೊದಲು ಒಂದು ವಿಷಯ ತಲೆಗೆ ಹಾಕಿಕೋ ಮಾರಾಯ. ಸೀಸನ್ ಮುಚ್ಚಿಲ್ಲ, ನೆಲ ಮುಚ್ಚಿದ್ದಾರೆ. ಎರಡೂ ಬೇರೆ ಬೇರೆ. ಬೇಟೆಯ ತಾರೀಖು ನೋಡಿಕೊಳ್ಳುವುದು ರಾಜ್ಯದ ಮೀನು ಮತ್ತು ವನ್ಯಜೀವಿ ಇಲಾಖೆ. ಕಾಡಿನ ಗೇಟ್ ಹಾಕುವುದು ಕೇಂದ್ರದ ಅರಣ್ಯ ಸೇವೆ. ಒಬ್ಬರ ಆದೇಶದಿಂದ ಇನ್ನೊಬ್ಬರ ಕ್ಯಾಲೆಂಡರ್ ಬದಲಾಗುವುದಿಲ್ಲ. ಹಾಗಾಗಿ ಕಾಡು ಎರಡು ವಾರ ಮುಚ್ಚಿತ್ತು ಅಂತ ಯಾರೂ ಸೀಸನ್ನು ಎರಡು ವಾರ ಮುಂದೆ ತಳ್ಳಿ ಕೊಡುತ್ತಾರೆ ಅಂತ ಕಾಯಬೇಡ.

ಹೋದ ವರ್ಷ ನನಗೆ ಇದೇ ಆಯಿತು. ನನ್ನದು ಬಿ ಝೋನ್ ಟ್ಯಾಗ್, ಮೆಂಡೊಸಿನೊ ಕಡೆ. 2020ರ ಆಗಸ್ಟ್‌ನಲ್ಲಿ ಸಿಡಿಲು ಬಿದ್ದು ಹತ್ತಿದ ಆಗಸ್ಟ್ ಕಾಂಪ್ಲೆಕ್ಸ್ ಬೆಂಕಿ ಹತ್ತು ಲಕ್ಷ ಎಕರೆ ದಾಟಿತು. ಸೆಪ್ಟೆಂಬರ್ 9ಕ್ಕೆ ರಾಜ್ಯದ 18 ರಾಷ್ಟ್ರೀಯ ಅರಣ್ಯಗಳನ್ನೂ ಒಟ್ಟಿಗೆ ಮುಚ್ಚಿದರು. ಬಿ ಝೋನ್ ಕೋವಿ ಸೀಸನ್ ಶುರುವಾಗುವುದು 19ಕ್ಕೆ. ಟ್ರಕ್ಕಿಗೆ ಡೇರೆ, ಒಲೆ, ಐಸ್ ಪೆಟ್ಟಿಗೆ ಎಲ್ಲ ತುಂಬಿಟ್ಟು ಡ್ರೈವ್‌ವೇನಲ್ಲಿ ನಿಂತಿದ್ದೆ, ಮದುವೆ ಮನೆಗೆ ಬಂದು ಛತ್ರಕ್ಕೆ ಬೀಗ ನೋಡಿದ ಹಾಗೆ.

ನಿನ್ನ ಟ್ಯಾಗ್ ವಿಷಯದಲ್ಲಿ ಒಂದು ಒಳ್ಳೆಯದಿದೆ. ಡಿ3-5 ಅಂದರೆ ಮೂರು ಝೋನಿಗೆ ಒಂದೇ ಟ್ಯಾಗ್. ಉತ್ತರದಲ್ಲಿ ಟಾಹೋ ಅರಣ್ಯದಿಂದ ಕೆಳಗೆ ಸ್ಟಾನಿಸ್ಲಾಸ್ ತನಕ ಎಲ್ಲಿ ಬೇಕಾದರೂ ಹೋಗಬಹುದು. ನಿನ್ನ ಎಲ್ ಡೊರಾಡೊ ಅರಣ್ಯ ಸುಟ್ಟರೆ ಉಳಿದಿದ್ದೆಲ್ಲ ಸುಟ್ಟ ಹಾಗಲ್ಲ. ಇವತ್ತೇ ಕೂತು ಹೈವೇ 4ರ ಕಡೆಯ ನಕ್ಷೆ ತೆಗಿ.

ಬಿಲ್ಲು_ಬಾಣ (31 ಆಗಸ್ಟ್)

ಕೋವಿಯವರಿಗೆ ಇನ್ನೂ ಮೂರೂವರೆ ವಾರ ಇದೆ. ನಮ್ಮ ಕಥೆ ಕೇಳಿ. ಅದೇ ಝೋನಿನಲ್ಲಿ ಬಿಲ್ಲಿನ ಸೀಸನ್ ಆಗಸ್ಟ್ 21ರಿಂದ ಸೆಪ್ಟೆಂಬರ್ 12. ಮೊದಲ ವಾರ ಹೊಗೆ, ಕಣ್ಣು ಬಿಡೋಕೆ ಆಗಲಿಲ್ಲ. ಎರಡನೇ ವಾರಾಂತ್ಯ ಹೋಗೋಣ ಅಂತಿದ್ದೆ, ಮಗಳ ಹುಟ್ಟುಹಬ್ಬ. ಈಗ ಕೊನೇ ಹನ್ನೆರಡು ದಿನ ಪೂರ್ತಿ ಬಂದ್. ವರ್ಷವಿಡೀ ಹಿತ್ತಲಲ್ಲಿ ಬಾಣ ಬಿಟ್ಟಿದ್ದಕ್ಕೆ ಬೇಲಿಗೆ ಎರಡು ತೂತು ಬಿದ್ದಿದೆ, ಅದೇ ಬಂದ ಭಾಗ್ಯ.

ಸಿಟ್ಟು ಬರೋದು ಯಾಕೆ ಅಂದರೆ ಬೆಂಕಿ ಇಲ್ಲದ ಕಾಡನ್ನೂ ಮುಚ್ಚಿದ್ದಾರೆ. ನಾನು ಹೋಗೋ ಕಣಿವೆಯಿಂದ ಹತ್ತಿರದ ಬೆಂಕಿಗೆ ಅರವತ್ತು ಮೈಲಿ ಇದೆ!

ಅರಣ್ಯದ_ಹುಳು (1 ಸೆಪ್ಟೆಂಬರ್)

ನಿಮ್ಮ ಸಿಟ್ಟು ಅರ್ಥ ಆಗುತ್ತೆ. ಆದರೆ ಈ ಆದೇಶ ಇರೋದು ಈಗ ಉರಿಯುತ್ತಿರುವ ಬೆಂಕಿಗಿಂತ ಇನ್ನೂ ಹತ್ತದೇ ಇರೋ ಬೆಂಕಿಗಾಗಿ. ಉತ್ತರದ ಡಿಕ್ಸಿ ಬೆಂಕಿ ಎಂಟು ಲಕ್ಷ ಎಕರೆ ದಾಟಿದೆ. ಕಾಲ್ಡರ್‌ಗೆ ಹೆದರಿ ಮೊನ್ನೆ ಸೌತ್ ಲೇಕ್ ಟಾಹೋ ಊರನ್ನೇ ಖಾಲಿ ಮಾಡಿಸಿದರು. ಎಲ್ಲ ತಂಡಗಳೂ ಅಲ್ಲಿವೆ. ಈಗ ಇನ್ನೊಂದು ಕಡೆ ಯಾರದೋ ಕ್ಯಾಂಪಿನಿಂದ ಕಿಡಿ ಹಾರಿದರೆ ಆರಿಸೋಕೆ ಯಾರಿದ್ದಾರೆ? ಅದೂ ಲೇಬರ್ ಡೇ ರಜೆಯ ವಾರಾಂತ್ಯ, ಕಾಡಿನ ತುಂಬ ಜನ ಇರೋ ಹೊತ್ತು.

ಕಿಡಿ ಹತ್ತೋಕೆ ದೊಡ್ಡ ಕಾರಣ ಬೇಡ. 2018ರಲ್ಲಿ ಮೆಂಡೊಸಿನೊ ಕಾಂಪ್ಲೆಕ್ಸ್ ಬೆಂಕಿ ಎದ್ದಿತಲ್ಲ, ಅದರ ದೊಡ್ಡ ಭಾಗ ರ‍್ಯಾಂಚ್ ಫೈರ್ ಶುರುವಾಗಿದ್ದು ಒಬ್ಬರು ಕಣಜದ ಗೂಡು ಮುಚ್ಚೋಕೆ ನೆಲಕ್ಕೆ ಕಬ್ಬಿಣದ ಗೂಟ ಹೊಡೆಯುವಾಗ ಹಾರಿದ ಕಿಡಿಯಿಂದ ಅಂತ ತನಿಖೆಯಲ್ಲಿ ಗೊತ್ತಾಯಿತು. ಒಣ ಹುಲ್ಲು, ಸುತ್ತಿಗೆ, ಅಷ್ಟೇ. ನಿಮ್ಮ ಟ್ರಕ್ಕಿನ ಬಿಸಿ ಸೈಲೆನ್ಸರ್ ಹುಲ್ಲಿನ ಮೇಲೆ ನಿಂತರೂ ಅದೇ ಕಥೆ.

ಬಿಲ್ಲು_ಬಾಣ (1 ಸೆಪ್ಟೆಂಬರ್)

ಒಪ್ಪಿದೆ ಮೇಡಂ. ಸಿಟ್ಟು ಮಾತ್ರ ಹೋಗಿಲ್ಲ.

ರಾತ್ರಿ_ಪಾಳಿ (1 ಸೆಪ್ಟೆಂಬರ್)

ಗೇಟ್ ಹಾಕಿರೋದು ರಸ್ತೆಗೆ ತಾನೇ? ಪಕ್ಕದಿಂದ ಬೆಳಗಿನ ಜಾವ ನಡೆದು ಹೋದರೆ ಯಾರಿಗೆ ಗೊತ್ತಾಗುತ್ತೆ? ಸುಮ್ನೆ ಕೇಳ್ತಿದ್ದೀನಿ.

ಕೋವಿ_ಕೊಡಗು (1 ಸೆಪ್ಟೆಂಬರ್)

ಸುಮ್ನೆ ಕೇಳಿದ್ದಕ್ಕೆ ಸುಮ್ನೆ ಹೇಳುತ್ತೇನೆ. ಆದೇಶ ಮೀರಿದರೆ ದಂಡ 5,000 ಡಾಲರ್ ತನಕ, ಆರು ತಿಂಗಳು ಜೈಲೂ ಆಗಬಹುದು. ಮೇಲೆ ಬೇಟೆ ಲೈಸೆನ್ಸ್, ಕೋವಿ ಎಲ್ಲದಕ್ಕೂ ಕುತ್ತು. ಇಲ್ಲಿರುವ ಅರ್ಧ ಜನ ವೀಸಾ ಮೇಲೆ ಇದ್ದಾರೆ, ಅವರ ಹೆಸರಿಗೆ ಒಂದು ಕ್ರಿಮಿನಲ್ ಕೇಸ್ ಬಿದ್ದರೆ ಏನಾಗುತ್ತೆ ಅಂತ ಬಿಡಿಸಿ ಹೇಳಬೇಕಾ?

ಅದೆಲ್ಲ ಬಿಡು. ಒಳಗೆ ನೀನಿದ್ದೀಯ ಅಂತ ಯಾರಿಗೂ ಗೊತ್ತಿಲ್ಲದಾಗ ಗಾಳಿ ತಿರುಗಿದರೆ, ನಿನ್ನನ್ನು ಹುಡುಕೋಕೆ ಬರುವವನು ಯಾರದೋ ಮನೆ ಉಳಿಸುವುದನ್ನು ಬಿಟ್ಟು ಬರಬೇಕು.

ಸೊಪ್ಪಿನ_ಸಾರು (2 ಸೆಪ್ಟೆಂಬರ್)

ತಪ್ಪು ತಿಳಿಯಬೇಡಿ, ನಾನು ಈ ಗುಂಪಿಗೆ ಬಂದಿದ್ದು ಚಾರಣದ ವಿಷಯ ಓದೋಕೆ. ಕಾಡೇ ಸುಟ್ಟು ಹೋಗುತ್ತಿರುವಾಗ ಉಳಿದ ಜಿಂಕೆಗಳನ್ನೂ ಹೊಡೆಯಬೇಕಾ? ಊರಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಶಿಕಾರಿ ನಿಂತಿತು, ಯಾರಿಗೂ ನಷ್ಟ ಆಗಲಿಲ್ಲ. ಬಂಡೀಪುರಕ್ಕೆ 2019ರಲ್ಲಿ ಬೆಂಕಿ ಬಿದ್ದಾಗ ನಾವೆಲ್ಲ ಅತ್ತಿದ್ದೆವು.

ಕೋವಿ_ಕೊಡಗು (2 ಸೆಪ್ಟೆಂಬರ್)

ತಪ್ಪೇನಿಲ್ಲ, ಕೇಳಬೇಕಾದ ಪ್ರಶ್ನೆಯೇ. ನಾಳೆ ಕೈಲ್ ಪೊಳ್ದ್, ನಮ್ಮ ಮನೆಯಲ್ಲಿ ಕೋವಿಗೆ ಹೂವಿಟ್ಟು ಪೂಜೆ ಇದೆ. ಊರಲ್ಲಿ ಅಜ್ಜನ ಕಾಲದಲ್ಲಿ ಗದ್ದೆ ಕೆಲಸ ಮುಗಿದು ಆ ಹಬ್ಬ ಆದ ಮೇಲೆ ಬೇಟೆಗೆ ಹೊರಡುತ್ತಿದ್ದರು. ಈಗ ಅಲ್ಲಿ ಹೊರಡುವುದಿಲ್ಲ, ಹೊರಡಲೂಬಾರದು. ಅಲ್ಲಿ ಉಳಿದಿರುವ ಕಾಡೇ ಅಷ್ಟು.

ಇಲ್ಲಿ ಲೆಕ್ಕ ಬೇರೆ. ಪ್ರತಿ ಝೋನಿಗೆ ಎಷ್ಟು ಟ್ಯಾಗ್ ಅಂತ ಮೊದಲೇ ಮಿತಿ ಇರುತ್ತೆ. ಸಾಮಾನ್ಯ ಟ್ಯಾಗಿನಲ್ಲಿ ಹೆಣ್ಣು ಹೊಡೆಯುವ ಹಾಗಿಲ್ಲ. ಗಂಡಿಗೂ ಕೊಂಬು ಕವಲೊಡೆದಿರಬೇಕು, ಒಂಟಿ ಮೊನೆ ಇದ್ದರೆ ಕೋವಿ ಇಳಿಸಬೇಕು. 1937ರಿಂದ ಕೋವಿ, ತೋಟಾ ಮೇಲಿನ ಕೇಂದ್ರದ ತೆರಿಗೆ ನೇರ ವನ್ಯಜೀವಿ ಕೆಲಸಕ್ಕೆ ಹೋಗುತ್ತೆ. ಇಷ್ಟು ಹೇಳಿದರೂ ನಿಮಗೆ ಸರಿ ಕಾಣದಿದ್ದರೆ ನನಗೆ ಬೇಜಾರಿಲ್ಲ. ನಮ್ಮ ಮನೆಯಲ್ಲೇ ಹೆಂಡತಿಗೆ ಸರಿ ಕಾಣುವುದಿಲ್ಲ, ಪಂದಿ ಕರಿ ಮಾತ್ರ ಚೆನ್ನಾಗಿ ಮಾಡುತ್ತಾಳೆ.

ಸೊಪ್ಪಿನ_ಸಾರು (2 ಸೆಪ್ಟೆಂಬರ್)

ನನಗಿನ್ನೂ ಸರಿ ಕಾಣುವುದಿಲ್ಲ ಅಂಕಲ್. ಹಬ್ಬದ ಶುಭಾಶಯ.

ಸುಸಾನ್‌ವಿಲ್_ದಾರಿ (3 ಸೆಪ್ಟೆಂಬರ್)

ನನ್ನ ಕೇಸ್ ನೋಡಿ. ಎಕ್ಸ್-6ಎ ಟ್ಯಾಗ್, ವರ್ಷ ವರ್ಷ ಲಾಟರಿಯಲ್ಲಿ ಸೋತು ಸೋತು ಪಾಯಿಂಟ್ ಕೂಡಿಸಿ ಈ ಸಲ ಸಿಕ್ಕಿದ್ದು. ಡಿಕ್ಸಿ ಬೆಂಕಿ ಈಗ ಅದೇ ಕಡೆ. ಗ್ರೀನ್‌ವಿಲ್ ಊರು ಆಗಸ್ಟ್ 4ಕ್ಕೆ ಸುಟ್ಟು ಹೋಯಿತು. ಜುಲೈನಲ್ಲಿ ಅಲ್ಲೇ ಒಂದು ಅಂಗಡಿಯಲ್ಲಿ ನಿಂತು ಕಾಫಿ ಕುಡಿದಿದ್ದೆ, ಹಳೇ ಇಟ್ಟಿಗೆ ಕಟ್ಟಡಗಳ ಪುಟ್ಟ ಪೇಟೆ. ಆ ಜನರ ಕಷ್ಟದ ಮುಂದೆ ನನ್ನ ಟ್ಯಾಗ್ ಯಾವ ಲೆಕ್ಕ ಅನಿಸುತ್ತೆ, ಆದರೂ ಕೇಳುತ್ತೇನೆ. ಪಾಯಿಂಟ್ ಕಥೆ ಏನು?

ಕೋವಿ_ಕೊಡಗು (3 ಸೆಪ್ಟೆಂಬರ್)

ಸೀಸನ್ ಶುರುವಾಗುವ ಮುಂಚೆ ಟ್ಯಾಗ್ ವಾಪಸ್ ಮಾಡು. ಪಾಯಿಂಟ್ ಉಳಿಯುತ್ತೆ. ದುಡ್ಡಿನ ಆಸೆ ಇಟ್ಟುಕೊಳ್ಳಬೇಡ, ಪಾಯಿಂಟೇ ಆಸ್ತಿ. ಒಂದು ದಿನ ಬೇಟೆ ಆಡಿ ನೋಡೋಣ, ಆಮೇಲೆ ವಾಪಸ್ ಕೊಡೋಣ ಅಂದರೆ ಆಗಲ್ಲ. ನಿನ್ನ ಸೀಸನ್ ಅಕ್ಟೋಬರ್‌ನಲ್ಲಿ ತಾನೇ, ಸೆಪ್ಟೆಂಬರ್ ಕೊನೆ ತನಕ ಕಾದು ನೋಡು, ಮಳೆಯ ಸೂಚನೆ ಇಲ್ಲದಿದ್ದರೆ ಕಳಿಸು. ಪೋಸ್ಟಿನಲ್ಲಿ ಕಳಿಸುವುದಾದರೆ ರಸೀದಿ ಇಟ್ಟುಕೋ.

ಡಿ3-5 ಥರದ ಟ್ಯಾಗಿಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಅದು ಮುಂದಿನ ವರ್ಷವೂ ಸಿಗುತ್ತೆ.

ಒರೆಗಾನ್_ಅಣ್ಣ (4 ಸೆಪ್ಟೆಂಬರ್)

ಒರೆಗಾನ್‌ನಿಂದ ಎರಡು ಮಾತು. ನಮ್ಮ ಕಡೆ, ಪಶ್ಚಿಮ ಭಾಗದಲ್ಲಿ, ಸರ್ಕಾರಿ ಕಾಡಿನ ಜೊತೆ ಮರದ ಕಂಪನಿಗಳ ಕಾಡೂ ತುಂಬ ಇದೆ. ಒಣಗಾಳಿ ಶುರುವಾದರೆ ಅವರು ಗೇಟ್ ಹಾಕುತ್ತಾರೆ, ಟಿವಿಯಲ್ಲಿ ಸುದ್ದಿಯೂ ಬರುವುದಿಲ್ಲ. ಬಿಲ್ಲಿನ ಸೀಸನ್ ಆಗಸ್ಟ್ ಕೊನೆಯಲ್ಲಿ ಬರುವುದರಿಂದ ಇದು ನಮಗೆ ಪ್ರತಿ ವರ್ಷದ ಗೋಳು. ಹೊರಡುವ ಹಿಂದಿನ ರಾತ್ರಿ ಆ ಜಾಗದ ಮಾಲೀಕರು ಯಾರು, ಇವತ್ತಿನ ಸ್ಥಿತಿ ಏನು ಅಂತ ನೋಡುವುದು ಈಗ ಬೂಟ್ ಕಟ್ಟುವಷ್ಟೇ ಅಭ್ಯಾಸ ಆಗಿದೆ.

ಹೋದ ವರ್ಷ ಲೇಬರ್ ಡೇ ರಾತ್ರಿ ಪೂರ್ವದ ಗಾಳಿ ಬೀಸಿ ಸ್ಯಾಂಟಿಯಮ್ ಕಣಿವೆ ಸುಟ್ಟಿತು, ಡೆಟ್ರಾಯಿಟ್ ಊರು ಹೋಯಿತು. ನಾನು ಹತ್ತು ವರ್ಷ ಓಡಾಡಿದ ಜಾಗ ಅದರ ಪಕ್ಕದ್ದು. ಈ ಜುಲೈನಲ್ಲಿ ತೆರೆದಿರುವ ಅಂಚಿಗೆ ಹೋಗಿ ನೋಡಿದೆ. ಕಪ್ಪು ಮರಗಳ ಬುಡದಲ್ಲಿ ಸೊಂಟದೆತ್ತರ ಫೈರ್‌ವೀಡ್, ಗುಲಾಬಿ ಹೂವು. ಅದರೊಳಗೆ ಜಿಂಕೆ ಹೆಜ್ಜೆ, ಹಸಿ ಹಿಕ್ಕೆ. ಮೊದಲು ಇಷ್ಟು ಕಂಡೇ ಇರಲಿಲ್ಲ. ಮರ ಹೋದರೆ ಬಿಸಿಲು ಬೀಳುತ್ತೆ, ಬಿಸಿಲು ಬಿದ್ದರೆ ಚಿಗುರು, ಚಿಗುರಿದ್ದಲ್ಲಿ ಜಿಂಕೆ. ಮುಂದಿನ ಕೆಲವು ವರ್ಷ ಅಲ್ಲಿ ಒಳ್ಳೆಯ ಮೇವು.

ಆದರೆ ತೆರೆದ ಮೊದಲ ವಾರವೇ ಸುಟ್ಟ ಕಾಡಿಗೆ ನುಗ್ಗಬೇಡಿ. ನಿಂತಿರುವ ಸತ್ತ ಮರ ಗಾಳಿ ಇಲ್ಲದೆಯೂ ಬೀಳುತ್ತೆ. ಇನ್ನೊಂದು, ಬುಡದ ಬೇರು ನೆಲದೊಳಗೇ ಉರಿದು ಟೊಳ್ಳಾಗಿರುತ್ತೆ, ಮೇಲೆ ಬೂದಿ ಸಮತಟ್ಟಾಗಿ ಕೂತಿರುತ್ತೆ. ನನ್ನ ಕಾಲು ಮೊಣಕಾಲ ತನಕ ಒಳಗೆ ಹೋಯಿತು. ಅದು ತಣ್ಣಗಾಗಿತ್ತು, ಬದುಕಿದೆ.

ಹೊಸಬ_ಸ್ಯಾನ್ ಹೊಸೆ (5 ಸೆಪ್ಟೆಂಬರ್)

ಅಡ್ಡ ಪ್ರಶ್ನೆ, ಕ್ಷಮಿಸಿ. ಎಚ್-1ಬಿ ಮೇಲೆ ಇರೋರು ಬೇಟೆ ಆಡಬಹುದಾ? ನನ್ನ ಮ್ಯಾನೇಜರ್ ಕರೀತಿದ್ದಾರೆ.

ಫಾಲ್ಸಮ್_ಹೈದ (5 ಸೆಪ್ಟೆಂಬರ್)

ಆಡಬಹುದು. ನಾನೂ ಹಾಗೇ ಶುರು ಮಾಡಿದ್ದು. ವೀಸಾ ಮೇಲಿರುವವರು ಸಾಮಾನ್ಯವಾಗಿ ಕೋವಿ ಇಟ್ಟುಕೊಳ್ಳುವ ಹಾಗಿಲ್ಲ, ಆದರೆ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದರೆ ಕೇಂದ್ರದ ಕಾನೂನಿನಲ್ಲಿ ವಿನಾಯಿತಿ ಇದೆ. ಹಾಗಾಗಿ ಮೊದಲು ಬೇಟೆಗಾರರ ಕೋರ್ಸ್, ಆಮೇಲೆ ಲೈಸೆನ್ಸ್, ಕೋವಿ ಮುಟ್ಟುವುದು ಅದಾದ ಮೇಲೆ. ಇದೇ ಕ್ರಮ. ಲೈಸೆನ್ಸ್ ಅವಧಿ ಮುಗಿಯದ ಹಾಗೆ ನೋಡಿಕೊಳ್ಳಿ. ಇನ್ನೊಂದು, ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈಯಿಂದ ಬೇಟೆಗೆ ಸೀಸದ ಗುಂಡು ಬಳಸುವ ಹಾಗಿಲ್ಲ. ತಾಮ್ರದ್ದು ತಗೊಳ್ಳಿ.

ಮಾಡರೇಟರ್ (6 ಸೆಪ್ಟೆಂಬರ್)

ವೀಸಾ ಚರ್ಚೆಗೆ ಬೇರೆ ಎಳೆ ತೆರೆಯಿರಿ. ಮತ್ತೆ, ನಿಮ್ಮ ಜಾಗದ ಜಿಪಿಎಸ್ ಅಂಕಿ ಇರುವ ಸ್ಕ್ರೀನ್‌ಶಾಟ್ ಹಾಕಬೇಡಿ, ಆಮೇಲೆ ನೀವೇ ಬಂದು ಅಳಿಸಿ ಅಂತ ಗೋಗರೆಯುತ್ತೀರಿ.

ಫಾಲ್ಸಮ್_ಹೈದ (16 ಸೆಪ್ಟೆಂಬರ್)

ಹೊಸ ಸುದ್ದಿ. ಆದೇಶವನ್ನು ಎರಡು ದಿನ ಮೊದಲೇ, ನಿನ್ನೆ ರಾತ್ರಿ ತೆಗೆದರು. ದಕ್ಷಿಣದ ಕೆಲವು ಅರಣ್ಯಗಳಿಗೆ ಇನ್ನೊಂದು ವಾರ ಮುಂದುವರಿಸಿದ್ದಾರೆ. ಕಾಲ್ಡರ್, ಡಿಕ್ಸಿ ಸುಟ್ಟ ಕಡೆ ಆಯಾ ಅರಣ್ಯದ್ದೇ ಬೇರೆ ಆದೇಶ ಇದೆ. ಅಂದರೆ ನನ್ನ ಹಳೇ ಜಾಗ ಈ ವರ್ಷ ಮರೆತುಬಿಡಬೇಕು.

ಕೋವಿ ಅಂಕಲ್ ಹೇಳಿದ ಹಾಗೆ ಹೈವೇ 4ರ ಕಡೆ ನೋಡಿಟ್ಟಿದ್ದೇನೆ. ಬರೀ ನಕ್ಷೆಯಲ್ಲಿ. ಒಂದು ದಿನವೂ ಆ ನೆಲದಲ್ಲಿ ಕಾಲಿಟ್ಟಿಲ್ಲ. ಉತ್ತರಕ್ಕೆ ಮುಖ ಮಾಡಿದ ಇಳಿಜಾರು, ನೀರಿನ ಝರಿ, ಹಳೇ ಮರ ಕಡಿದ ಜಾಗ ಅಂತ ಏಳು ಗುರುತು ಹಾಕಿದ್ದೇನೆ.

ಕೋವಿ_ಕೊಡಗು (16 ಸೆಪ್ಟೆಂಬರ್)

ಏಳು ಜಾಸ್ತಿ ಆಯಿತು. ಎರಡು ಸಾಕು. ಮತ್ತೆ ಬೆಂಕಿ ನಿರ್ಬಂಧ ಓದಿಕೋ. ಕಾಡು ತೆರೆದರೂ ಕ್ಯಾಂಪ್‌ಫೈರ್ ಇಲ್ಲ. ಗ್ಯಾಸ್ ಒಲೆಗೂ ಪರ್ಮಿಟ್ ಬೇಕು, ಆನ್‌ಲೈನಿನಲ್ಲಿ ಪುಕ್ಕಟೆ ಸಿಗುತ್ತೆ, ಐದು ನಿಮಿಷದ ಕೆಲಸ. ಕೋವಿಯ ಗುರಿ ಸರಿ ಮಾಡಿಕೊಳ್ಳುವುದನ್ನು ಕಾಡಿನಲ್ಲಿ ಮಾಡಬೇಡ, ಶೂಟಿಂಗ್ ರೇಂಜಿಗೆ ಹೋಗು. ಮೊದಲ ದಿನ ಜನಜಾತ್ರೆ ಇರುತ್ತೆ, ಬೇರೆ ಕಡೆ ಹೋಗಬೇಕಿದ್ದವರೆಲ್ಲ ಅಲ್ಲೇ ಬರುತ್ತಾರೆ.

ಡಿ8_ದಕ್ಷಿಣ (22 ಸೆಪ್ಟೆಂಬರ್)

ನಮಗೆ ಆ ಭಾಗ್ಯವೂ ಇಲ್ಲ. 9ನೇ ತಾರೀಖಿನ ಸಿಡಿಲಿಗೆ ಹತ್ತಿದ ವಿಂಡಿ ಬೆಂಕಿ ಸಿಕೋಯಾ ಅರಣ್ಯದಲ್ಲಿ ಇನ್ನೂ ಉರಿಯುತ್ತಿದೆ. ಜಿಂಕೆ ಬಿಡಿ, ಅಲ್ಲಿ ಸಾವಿರಾರು ವರ್ಷದ ಮರಗಳಿವೆ. ನಾನು ಈ ವರ್ಷ ಕೈ ಬಿಟ್ಟೆ. ಎಲ್ಲರೂ ಫೋಟೋ ಹಾಕಿ, ನೋಡಿ ಹೊಟ್ಟೆ ಉರಿಸಿಕೊಳ್ಳುತ್ತೇನೆ.

ಫಾಲ್ಸಮ್_ಹೈದ (27 ಸೆಪ್ಟೆಂಬರ್)

ಅಂಕಲ್ ಹೇಳಿದ್ದು ನಿಜ. ಶನಿವಾರ ಬೆಳಿಗ್ಗೆ ನಾಲ್ಕೂವರೆಗೆ ನನ್ನ ಮೊದಲ ಗುರುತಿನ ಹತ್ತಿರ ಹನ್ನೊಂದು ಟ್ರಕ್. ಎರಡನೆಯದರಲ್ಲಿ ನಾಲ್ಕು. ಎರಡು ದಿನದಲ್ಲಿ ಕಿತ್ತಳೆ ಟೋಪಿ ನಲವತ್ತು ಕಂಡೆ, ಕೊಂಬು ಒಂದೂ ಕಾಣಲಿಲ್ಲ. ನೆಲ ಎಷ್ಟು ಒಣಗಿದೆ ಅಂದರೆ ಹೆಜ್ಜೆ ಇಟ್ಟರೆ ಹಪ್ಪಳ ತುಳಿದ ಹಾಗೆ. ಜಿಂಕೆ ಬಿಡಿ, ನನ್ನ ಸದ್ದಿಗೆ ನಾನೇ ಬೆಚ್ಚಿದೆ.

ಸುಸಾನ್‌ವಿಲ್_ದಾರಿ (30 ಸೆಪ್ಟೆಂಬರ್)

ಟ್ಯಾಗ್ ವಾಪಸ್ ಕಳಿಸಿದೆ. ರಸೀದಿ ಫ್ರಿಜ್ ಮೇಲೆ ಅಂಟಿಸಿದ್ದೇನೆ.

ಕೋವಿ_ಕೊಡಗು (21 ಅಕ್ಟೋಬರ್)

ಹೈದ, ಎಲ್ಲಿದ್ದೀಯ? ಹವಾಮಾನ ನೋಡಿದೆಯಾ? ಭಾನುವಾರ ದೊಡ್ಡ ಮಳೆ ಬರ್ತಿದೆ, ಮೇಲೆ ಹಿಮ. ಹಿಮ ಬಿದ್ದರೆ ಎತ್ತರದಲ್ಲಿರುವ ಜಿಂಕೆ ಕೆಳಗಿಳಿಯುತ್ತೆ. ನಿನ್ನ ಸೀಸನ್ 31ಕ್ಕೆ ಮುಗಿಯುತ್ತೆ. ಮಳೆಯಲ್ಲಿ ಹೋಗಬೇಡ, ಸುಟ್ಟ ಬೆಟ್ಟ ಜಾರುತ್ತೆ. ಮಳೆ ನಿಂತ ಮೇಲೆ ಹೋಗು, ಹೊಸ ಹಿಮಕ್ಕಿಂತ ಕೆಳಗಿನ ಸಾಲಿನಲ್ಲಿ ಮರಸು ಕೂತ ಹಾಗೆ ಅಲ್ಲಾಡದೆ ಕೂರು.

ಅರಣ್ಯದ_ಹುಳು (30 ಅಕ್ಟೋಬರ್)

ಎಲ್ಲರೂ ಮಳೆ ಲೆಕ್ಕದಲ್ಲಿದ್ದೀರಿ. 24ಕ್ಕೆ ಸ್ಯಾಕ್ರಮೆಂಟೊದಲ್ಲಿ ಒಂದೇ ದಿನ ಐದು ಇಂಚಿಗಿಂತ ಜಾಸ್ತಿ ಬಿತ್ತು, ದಾಖಲೆ.

ಈ ನಡುವೆ ಒಂದು ಅಧ್ಯಯನ ಪ್ರಕಟವಾಗಿದೆ, ಕ್ಯಾಮೆರಾ ಫೋಟೋದ ಹೆಣ್ಣು ಜಿಂಕೆ ನೆನಪಾಗಿ ಹೇಳುತ್ತಿದ್ದೇನೆ. 2018ರ ಮೆಂಡೊಸಿನೊ ಬೆಂಕಿ ಹಾಪ್‌ಲ್ಯಾಂಡಿನ ಸಂಶೋಧನಾ ಕೇಂದ್ರದ ಅರ್ಧ ಜಾಗ ಸುಟ್ಟಿತು. ಅಲ್ಲಿ ಕೊರಳಪಟ್ಟಿ ಹಾಕಿದ್ದ 18 ಕಪ್ಪುಬಾಲದ ಜಿಂಕೆಗಳಿದ್ದವು. ಎಲ್ಲವೂ ಬದುಕಿದವು. ಅದಕ್ಕಿಂತ ಆಶ್ಚರ್ಯ, ಬೆಂಕಿಗೆ ಓಡಿಹೋದವು ಕೆಲವೇ ಗಂಟೆಗಳಲ್ಲಿ ತಮ್ಮ ತಮ್ಮ ಹಳೇ ಜಾಗಕ್ಕೇ ವಾಪಸ್ ಬಂದವು, ಮರ ಇನ್ನೂ ಹೊಗೆಯಾಡುತ್ತಿದ್ದಾಗ. ತಿನ್ನೋಕೆ ಅಲ್ಲಿ ಏನೂ ಇರಲಿಲ್ಲ. ಸೊರಗಿದವು, ಮೇವಿಗೆ ಇನ್ನೂ ದೂರ ಅಲೆಯಬೇಕಾಯಿತು, ಆದರೂ ಬಿಟ್ಟು ಹೋಗಲಿಲ್ಲ. ಹಾಗಾಗಿ ಆ ಹೆಣ್ಣು ಜಿಂಕೆ ಬದುಕಿರಬಹುದು. ನಿಮ್ಮ ಕ್ಯಾಮೆರಾಕ್ಕಿಂತ ಅದರ ಅದೃಷ್ಟ ಚೆನ್ನಾಗಿತ್ತು ಅನ್ನಿ.

ಫಾಲ್ಸಮ್_ಹೈದ (31 ಅಕ್ಟೋಬರ್)

ಸಿಕ್ಕಿತು!

ನಿನ್ನೆ ಬೆಳಿಗ್ಗೆ ಎಂಟು ಗಂಟೆಗೆ. ಮೂರನೇ ಗುರುತು, ಯಾರೂ ಇರಲಿಲ್ಲ. ನೆಲ ಒದ್ದೆ, ಎಲೆ ಸದ್ದು ಮಾಡಲಿಲ್ಲ. ಒಂದು ದೇವದಾರಿನ ಬುಡದಲ್ಲಿ ಎರಡು ಗಂಟೆ ಕೂತಿದ್ದೆ, ಕಾಲು ಜೋಮು ಹಿಡಿದಿತ್ತು. ಎದುರಿನ ಪೊದೆಯಿಂದ ಮೊದಲು ಎರಡು ಹೆಣ್ಣು, ಹಿಂದೆ ಕವಲುಕೊಂಬಿನ ಗಂಡು, ಮೇಲಿನಿಂದ ಇಳಿದು ಬಂದಿರಬೇಕು, ಬೆನ್ನಿನ ಕೂದಲು ಒದ್ದೆಯಾಗಿ ಅಂಟಿಕೊಂಡಿತ್ತು. ದೂರ ತೊಂಬತ್ತು ಗಜ. ಒಂದೇ ಗುಂಡು.

ಟ್ಯಾಗ್ ತುಂಬಿ ಕೊಂಬಿಗೆ ಕಟ್ಟಿದೆ. ಆಮೇಲೆ ಅಧಿಕಾರ ಇರುವ ಯಾರಾದರೂ ಅದರ ಮೇಲೆ ಸಹಿ ಹಾಕಬೇಕಲ್ಲ, ವಾಪಸ್ ಬರುವ ದಾರಿಯಲ್ಲಿ ಒಂದು ಅಗ್ನಿಶಾಮಕ ಠಾಣೆ ಕಂಡಿತು, ಒಳಗೆ ಹೋದೆ. ಐವತ್ತರ ಆಸುಪಾಸಿನ ಒಬ್ಬರು ಹೊರಗೆ ಬಂದು ಕೊಂಬು ನೋಡಿ, ಟ್ಯಾಗ್ ನೋಡಿ, ಟ್ರಕ್ಕಿನ ಬಾನೆಟ್ ಮೇಲಿಟ್ಟು ಸಹಿ ಹಾಕಿದರು. ಬೇಟೆ ಆಡುತ್ತೀರಾ ಅಂತ ಕೇಳಿದೆ. ಜೇಬಿನಿಂದ ಪರ್ಸ್ ತೆಗೆದು ತೋರಿಸಿದರು. ಅದೇ ಡಿ3-5 ಟ್ಯಾಗ್, ಮಡಿಕೆ ಬಿಚ್ಚಿಲ್ಲ. ಆಗಸ್ಟ್‌ನಿಂದ ಕಾಲ್ಡರ್ ಬೆಂಕಿಯಲ್ಲೇ ಇದ್ದರಂತೆ. ಇವತ್ತು ಕೊನೇ ದಿನ, ಅವರಿಗೆ ಡ್ಯೂಟಿ.

ಏನು ಹೇಳಬೇಕು ಗೊತ್ತಾಗಲಿಲ್ಲ. ಹಿಂದಿನ ತೊಡೆ ಒಂದು ಕೊಡಲಾ ಅಂದೆ. ಬೇಡ ಅಂದರು, ಆಮೇಲೆ ಒಂದು ನಿಮಿಷ ಬಿಟ್ಟು, ಠಾಣೆಯಲ್ಲಿ ಐದು ಜನ ಇದ್ದೇವೆ ಅಂದರು. ಕೊಟ್ಟು ಬಂದೆ.

ಬಿಲ್ಲು_ಬಾಣ (31 ಅಕ್ಟೋಬರ್)

ಸೂಪರ್ ಗುರು. ಬೇಲಿಗೆ ಈಗ ಮೂರು ತೂತು.

ಕೋವಿ_ಕೊಡಗು (31 ಅಕ್ಟೋಬರ್)

ಶಭಾಷ್. ಇನ್ನೊಂದು ತೊಡೆ ಇದೆಯಲ್ಲ? ಮನೆಯಲ್ಲಿ ನಮ್ಮ ಕೊಡಗಿನ ಹುಳಿ, ಕಾಚಂಪುಳಿ ಇದೆಯಾ? ಇಲ್ಲದಿದ್ದರೆ ಶನಿವಾರ ಬರುತ್ತೇನೆ, ಬಾಟಲಿ ನಾನೇ ತರುತ್ತೇನೆ. ಅಕ್ಕಿ ರೊಟ್ಟಿಗೆ ಹಿಟ್ಟು ನೆನಪಿನಿಂದ ತಂದಿಡು.